ಮೂರನೇ ಸಾಲಿನ ಬೆಂಚು ಮನೆಗೆ ಬಂದದ್ದು

ನಾನು ಒಂದು ಬೆಂಚು. ಬಸ್ ನಿಲ್ದಾಣದಲ್ಲಿ ಯಾರು ಬೇಕಾದರೂ ಬಂದು ಕಾಲು ಚಾಚುವ ಬೆಂಚಲ್ಲ, ಚಹಾದಂಗಡಿಯ ಮುಂದೆ ಗಡಗಡ ಅಲುಗಾಡುವ ಬೆಂಚೂ ಅಲ್ಲ. ನಾನು ಶಾಲೆಯ ಬೆಂಚು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನನ್ನ ಹುದ್ದೆಯ ಬಗ್ಗೆ ನನಗೆ ಸ್ವಲ್ಪ ಜಂಬವಿದೆ. ವಯಸ್ಸಾದರೂ ಅದು ಹೋಗಿಲ್ಲ.

ಬೆಟಗೇರಿಯ ಕ್ರೈಸ್ತ ಓಣಿಯ ಹಿಂದೆ, ಮಿಶನ್ ಶಾಲೆಯ ಅಂಗಳಕ್ಕೆ ತಾಗಿಕೊಂಡು ಆಗ ಒಂದು ಬಡಗಿಮನೆ ಇತ್ತು. ಅಲ್ಲಿ ನಾನು ಹುಟ್ಟಿದೆ. ದಾಂಡೇಲಿ ಕಡೆಯ ಸಾಗವಾನಿ ಹಲಗೆ ನಾನು. ಉಳಿದ ಬೆಂಚುಗಳಿಗಿಂತ ಅಗಲವಾಗಿದ್ದೆ. ಅಷ್ಟು ಚೆಂದದ ಹಲಗೆಯನ್ನು ಕೊಯ್ಯಲು ಬಡಗಿಗೆ ಮನಸ್ಸಾಗದೆ ಹಾಗೆಯೇ ಕಾಲು ಜೋಡಿಸಿಬಿಟ್ಟ. ವಾರ್ನಿಷ್ ಆರುವ ಮುಂಚೆಯೇ ನನ್ನನ್ನು ಹೊತ್ತುಕೊಂಡು ಹೋಗಿ ಐದನೇ ತರಗತಿಯ ಮೂರನೇ ಸಾಲಿನಲ್ಲಿ ಇಟ್ಟರು. ಮೊದಲ ದಿನ ನನ್ನ ಮೇಲೆ ಕೂತ ಹುಡುಗರ ಚಡ್ಡಿಗೆಲ್ಲ ವಾರ್ನಿಷ್ ಮೆತ್ತಿಕೊಂಡು, ಮರುದಿನ ಅವರ ತಾಯಂದಿರು ಜಗಳಕ್ಕೆ ಬಂದಿದ್ದರು. ನನ್ನ ಶಾಲಾ ಜೀವನ ಶುರುವಾದದ್ದು ಹೀಗೆ.

ಆ ತರಗತಿ ಸತ್ಯವಂತ ಮಾಸ್ತರರದ್ದು. ಮುಂದೆ ಅವರು ಹೆಡ್‌ಮಾಸ್ತರರಾದರು. ಬಿಳಿ ಧೋತರ, ಕರಿ ಕೋಟು, ಕೈಯಲ್ಲಿ ಛತ್ರಿ. ಅವರು ಅಂಗಳಕ್ಕೆ ಕಾಲಿಟ್ಟರೆ ಬೇವಿನ ಮರದ ಗುಬ್ಬಿಗಳು ಕೂಡ ದನಿ ತಗ್ಗಿಸುತ್ತಿದ್ದವು ಎಂದು ಹುಡುಗರು ಹೇಳಿಕೊಳ್ಳುತ್ತಿದ್ದರು. ಕಲಿಸುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ನನಗೂ ಅವರೆಂದರೆ ಬಹಳ ಗೌರವ. ಒಂದು ವರ್ಷ ಅವರ ಸ್ವಂತ ಮಗ ಸುಜಯ ಅದೇ ತರಗತಿಗೆ ಬಂದ, ನನ್ನ ಮೇಲೆಯೇ ಕೂತ. ತಪ್ಪು ಮಾಡಿದ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸುವುದು ಆಗಿನ ರೂಢಿ. ಬೇರೆ ಹುಡುಗರನ್ನು ಮಾಸ್ತರರು ಒಂದು ತಾಸು ನಿಲ್ಲಿಸಿದರೆ, ಮಗನನ್ನು ಎರಡು ತಾಸು ನಿಲ್ಲಿಸುತ್ತಿದ್ದರು. ಮಾಸ್ತರರು ಮಗನ ಪಕ್ಷ ವಹಿಸುತ್ತಾರೆ ಎಂದು ಯಾರೂ ಅನ್ನಬಾರದು, ಅಷ್ಟೇ. ಆ ಹುಡುಗನ ಅಂಗಾಲು ಬೆವರುತ್ತಿದ್ದದ್ದು ನನಗೆ ಗೊತ್ತಾಗುತ್ತಿತ್ತು. ಸಂಜೆ ಗಂಟೆ ಹೊಡೆದ ಮೇಲೆ ಮಾಸ್ತರರು ಸೈಕಲ್ ತಳ್ಳಿಕೊಂಡು ಮುಂದೆ, ಮಗ ಚೀಲ ಹೊತ್ತುಕೊಂಡು ಹಿಂದೆ. ಇಬ್ಬರೂ ಮಾತಾಡಿದ್ದನ್ನು ನಾನು ಕಿಟಕಿಯಿಂದ ಒಮ್ಮೆಯೂ ಕಂಡಿಲ್ಲ.

ವರ್ಷಗಳು ಹೋದವು. ಮಾಸ್ತರರು ನಿವೃತ್ತರಾದರು. ಶಾಲೆಗೆ ಕಬ್ಬಿಣದ ಡೆಸ್ಕುಗಳು ಬಂದವು. ನಮ್ಮನ್ನೆಲ್ಲ ಅಂಗಳದಲ್ಲಿ ಒಂದರ ಮೇಲೊಂದು ಒಟ್ಟಿ, ಬೇಕಾದವರು ಒಯ್ಯಬಹುದು ಎಂದು ಸಾರಿದರು. ಯಾವುದಾದರೂ ಹಳ್ಳಿಯ ಶಾಲೆಗೆ ಹೋಗುತ್ತೇನೆ ಎಂದು ನಾನು ಲೆಕ್ಕ ಹಾಕಿಕೊಂಡಿದ್ದೆ. ಬಂದವನು ಸುಜಯ. ಈಗ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸದಲ್ಲಿದ್ದ, ತಲೆಯಲ್ಲಿ ಅಲ್ಲಲ್ಲಿ ನರೆ. ಹದಿನೈದಿಪ್ಪತ್ತು ಬೆಂಚುಗಳ ಮಧ್ಯೆ ಅಗಲ ನೋಡಿ ನನ್ನನ್ನು ಗುರುತು ಹಿಡಿದ. ನನ್ನನ್ನು ಆಟೋದಲ್ಲಿ ಅಡ್ಡ ಮಲಗಿಸಿಕೊಂಡು ಮನೆಗೆ ಒಯ್ದು, ನಡುಮನೆಯಲ್ಲಿ, ಅಡುಗೆಮನೆಯ ಬಾಗಿಲಿಗೆ ಎದುರಾಗಿ ಇಟ್ಟ. ಒಗ್ಗರಣೆಯ ಘಾಟು ಮೂಗಿಗೆ ಬಡಿಯಿತು. ನನಗೆ ಸಿಟ್ಟು ಬಂತು. ಶಾಲೆಯ ಬೆಂಚನ್ನು ತಂದು ನೀರಿನ ಕೊಡ ಇಡುತ್ತಾರೆ ಎಂದುಕೊಂಡೆ.

ಕೊಡ ಇಡಲಿಲ್ಲ. ಮರುದಿನ ಬೆಳಿಗ್ಗೆ ಸುಜಯನ ಹೆಂಡತಿ ಕರುಣಾ ನನ್ನನ್ನು ಒದ್ದೆ ಬಟ್ಟೆಯಿಂದ ಒರೆಸಿ, ಎರಡೂ ಬದಿಗೆ ಚಾಪೆ ಹಾಸಿದಳು. ಒಂದು ಬದಿ ತಾನು ಮತ್ತು ಮಗಳು ನಿರೀಕ್ಷಾ, ಎದುರು ಬದಿ ಚಿಕ್ಕವನು ಎಲೀಯ. ನಡುವೆ ನನ್ನ ಮೇಲೆ ದಪ್ಪಕ್ಷರದ ಒಂದು ಬೈಬಲ್, ಅವರ ಮಾತಿನಲ್ಲಿ ಸತ್ಯವೇದ. ಪ್ರಾರ್ಥನೆ ಆಯಿತು, ಓದು ಬಲ್ಲವರು ಸರದಿಯ ಪ್ರಕಾರ ಒಂದೊಂದು ವಚನ ಓದಿದರು. ಆಮೇಲೆ ಲೆಕ್ಕ, ಆಮೇಲೆ ಕನ್ನಡ, ಆಮೇಲೆ ಇಂಗ್ಲಿಷ್. ಇನ್ನು ಮೇಲೆ ಮಕ್ಕಳ ಶಾಲೆ ಇದೇ ಎಂದು ಆಗ ನನಗೆ ತಿಳಿಯಿತು.

ಕಾರಣ ಕೇಳಲು ಚರ್ಚಿನ ಸಭೆಯ ಜನ ಒಬ್ಬರಾದ ಮೇಲೊಬ್ಬರು ಬಂದರು. ಹಾಗಾಗಿ ಕಾರಣಗಳೆಲ್ಲ ನನಗೆ ಬಾಯಿಪಾಠವಾಗಿವೆ. ಕರುಣಾ ಖಾಸಗಿ ಶಾಲೆಯೊಂದರಲ್ಲಿ ಟೀಚರ್ ಆಗಿದ್ದಳು. ಐವತ್ತು ಮಕ್ಕಳ ಮುಂದೆ ದಿನವಿಡೀ ನಗುತ್ತ ನಿಂತು ಮನೆಗೆ ಬಂದರೆ ತನ್ನ ಮಕ್ಕಳಿಗೆ ಉಳಿಯುತ್ತಿದ್ದದ್ದು ಸಿಡುಕು ಮಾತ್ರ ಎಂದು ಅವಳೇ ಹೇಳುತ್ತಿದ್ದಳು. ಮಕ್ಕಳನ್ನು ದೇವರು ನಮ್ಮ ಕೈಗೆ ಕೊಟ್ಟಿದ್ದಾನೆ, ವ್ಯಾನ್ ಡ್ರೈವರನ ಕೈಗಲ್ಲ ಎಂಬುದು ಸುಜಯನ ಮಾತು. ಬೆಳಿಗ್ಗೆ ಏಳಕ್ಕೇ ವ್ಯಾನು ಹಾರ್ನ್ ಹೊಡೆಯುವುದರಿಂದ ಕುಟುಂಬ ಪ್ರಾರ್ಥನೆ ನಿಂತೇ ಹೋಗಿತ್ತಂತೆ. ಎಲ್ಲಕ್ಕಿಂತ ದೊಡ್ಡ ಕಾರಣ ನಿರೀಕ್ಷಾಳದು. ಒಂದು ಸಂಜೆ ಪ್ರಾರ್ಥನೆ ಮಾಡು ಎಂದರೆ ಆ ಪುಟ್ಟ ಹುಡುಗಿ ಕಣ್ಣು ಮುಚ್ಚಿ, ಕೈ ಜೋಡಿಸಿ, ತರಗತಿಯಲ್ಲಿ ಮೊದಲ ರ‍್ಯಾಂಕಿನ ಹುಡುಗಿಗೆ ಪರೀಕ್ಷೆಯ ದಿನ ಜ್ವರ ಬರಲಿ ಎಂದು ಭಕ್ತಿಯಿಂದ ಬೇಡಿಕೊಂಡಳಂತೆ. ಗಂಡ ಹೆಂಡತಿಗೆ ಆಮೆನ್ ಹೇಳಲು ಬಾಯಿ ಬರಲಿಲ್ಲ. ಅದಾದ ತಿಂಗಳಲ್ಲೇ ಅವಳನ್ನು ಶಾಲೆಯಿಂದ ಬಿಡಿಸಿದರು, ಎಲೀಯನನ್ನು ಸೇರಿಸಲೇ ಇಲ್ಲ.

ಕೇಳಿದವರಲ್ಲಿ ಕೆಲವರು ನಕ್ಕರು, ಕೆಲವರು ಹೌದೆಂದರು. ಆದರೆ ಅದೇ ಓಣಿಯಲ್ಲಿ ಮಗಳ ಮನೆಯಲ್ಲಿದ್ದ ಸತ್ಯವಂತ ಮಾಸ್ತರರು ಬರಲೇ ಇಲ್ಲ. ಮೊಮ್ಮಕ್ಕಳು ಶಾಲೆಗೆ ಹೋಗುವ ತನಕ ಆ ಮನೆಯ ಹೊಸ್ತಿಲು ತುಳಿಯುವುದಿಲ್ಲ ಎಂದು ಹೇಳಿ ಕಳಿಸಿದ್ದರು. ರವಿವಾರ ದೇವಾಲಯದಲ್ಲಿ ಸಿಕ್ಕರೂ ಮಗನ ಕಡೆ ನೋಡುತ್ತಿರಲಿಲ್ಲವಂತೆ. ಸುಜಯನಿಗೆ ಅಂದಿನ ಊಟ ಸೇರುತ್ತಿರಲಿಲ್ಲ. ನನ್ನ ಮನಸ್ಸು ಮಾಸ್ತರರ ಕಡೆಗೇ ಇತ್ತು. ಒಂದೇ ಬೆಂಚಿನ ಶಾಲೆ, ಗಂಟೆ ಇಲ್ಲದ ಶಾಲೆ, ಪಾಠದ ನಡುವೆ ಕುಕ್ಕರ್ ಸೀಟಿ ಹೊಡೆಯುವ ಶಾಲೆ ಎಂದರೆ ನನಗೂ ನಗು ಬರುತ್ತಿತ್ತು.

ಆದರೂ ನಿಧಾನವಾಗಿ ಅಭ್ಯಾಸವಾಯಿತು. ಮಕ್ಕಳು ಹಿಟ್ಟು ಅಳೆಯುತ್ತ ಭಿನ್ನರಾಶಿ ಕಲಿತರು. ಮೊದಲ ರ‍್ಯಾಂಕಿನ ಹುಡುಗಿ ಯಾರೂ ಇಲ್ಲದ್ದರಿಂದ ನಿರೀಕ್ಷಾ ಯಾರಿಗೂ ಜ್ವರ ಬೇಡಲಿಲ್ಲ. ಎಲೀಯ ಅಕ್ಕನ ಬಾಯಿ ನೋಡುತ್ತ ನೋಡುತ್ತ ತಾನೂ ಓದತೊಡಗಿದ. ಅವನ ಸರದಿ ಬಂದಾಗ ಒಂದಕ್ಷರ ತಪ್ಪದೆ ವಚನ ಓದುತ್ತಿದ್ದ. ತಂದೆತಾಯಿಗೆ ಹಿಗ್ಗೋ ಹಿಗ್ಗು.

ಆ ವರ್ಷ ಕ್ರಿಸ್ಮಸ್‌ಗೆ ಮುಂಚಿನ ರವಿವಾರ ದೇವಾಲಯದಲ್ಲಿ ಮಕ್ಕಳೇ ನಡೆಸುವ ಆರಾಧನೆ. ಕುರುಬರು ಕೂಸನ್ನು ನೋಡಲು ಹೋದ ಭಾಗ ಓದುವುದು ಎಲೀಯನ ಪಾಲಿಗೆ ಬಂತು. ಅಲ್ಲಿ ನಡೆದದ್ದನ್ನು ಆಮೇಲೆ ಮನೆಯಲ್ಲಿ ಎಷ್ಟು ಸಲ ಹೇಳಿಕೊಂಡರೆಂದರೆ ನಾನೇ ಕಣ್ಣಾರೆ ಕಂಡಂತಿದೆ. ಮಕ್ಕಳಿಗೆ ಎಟುಕಲೆಂದು ಒಂದು ಗಿಡ್ಡ ಮೇಜಿನ ಮೇಲೆ ಸಭೆಯ ದೊಡ್ಡ ಸತ್ಯವೇದ ಇಟ್ಟಿದ್ದರು. ಎಲೀಯ ಹೋಗಿ ಅದರ ಹಿಂದೆ ನಿಂತ. ಪುಟ ನೋಡಿದ. ಪುಸ್ತಕ ತಿರುಗಿಸಲು ನೋಡಿದ, ಅದು ಜಗ್ಗಲಿಲ್ಲ. ಕೊನೆಗೆ ಮೇಜನ್ನು ಸುತ್ತಿ ಈಚೆ ಬದಿಗೆ ಬಂದು, ಇಡೀ ಸಭೆಗೆ ಬೆನ್ನು ಮಾಡಿ, ತಲೆಕೆಳಗಾದ ಅಕ್ಷರಗಳನ್ನು ನಿರರ್ಗಳವಾಗಿ ಓದಿಬಿಟ್ಟ. ಸದಾ ನನ್ನ ಆಚೆ ಬದಿಗೆ ಕೂತು ಕಲಿತ ಹುಡುಗ ಅವನು. ಅಕ್ಷರ ಇರುವುದೇ ಹಾಗೆ ಎಂದುಕೊಂಡಿದ್ದ. ಅದು ತಾಯಿಯ ಗಮನಕ್ಕೂ ಬಂದಿರಲಿಲ್ಲ. ಜನ ಬಿದ್ದು ಬಿದ್ದು ನಕ್ಕರು. ಮುಂದಿನ ಸಾಲಿನಲ್ಲಿದ್ದ ಮಾಸ್ತರರು ಮಾತ್ರ ತಲೆ ತಗ್ಗಿಸಿ ಕೂತಿದ್ದರಂತೆ.

ಮರುದಿನ ಬೆಳಿಗ್ಗೆ ನಾವು ಪಾಠಕ್ಕೆ ಕೂತಿದ್ದಾಗ ಬಾಗಿಲಲ್ಲಿ ಛತ್ರಿ ಕಾಣಿಸಿತು. ಮಾಸ್ತರರು ಮುದುಕರಾಗಿದ್ದರು, ಆದರೂ ನನಗೆ ನೆಟ್ಟಗೆ ನಿಲ್ಲಬೇಕೆನ್ನಿಸಿತು. ಸುಜಯನಿಗೆ ಅಂದು ಮಧ್ಯಾಹ್ನದ ಪಾಳಿ. ಅವನು ಎದ್ದು ನಿಂತ. ಮಾಸ್ತರರು ಹೊಸ್ತಿಲಾಚೆಯೇ ನಿಂತು ಮಾತಾಡಿದರು.

“ನಮ್ಮಜ್ಜಗ ಊರ ಸಾಲ್ಯಾಗ ಒಳಗ ಬಿಡ್ತಿದ್ದಿಲ್ಲ. ಕಿಡಕಿ ಕೆಳಗ ಬಿಸಲಾಗ ನಿಂತು ಕೇಳ್ತಿದ್ದ. ಮಿಶನ್ ಸಾಲಿಯವರು ಬಾಗಲಾ ತಗದ್ರು, ನಾವು ಮನಷ್ಯಾರಾದ್ವಿ. ಆ ಬಾಗಲಾ ನೀ ನಿನ್ನ ಕೈಯಾರೆ ಹಾಕ್ತಿಯೇನು?”

ಸುಜಯ ಎಲ್ಲರಿಗೂ ಹೇಳುವ ಕಾರಣಗಳನ್ನು ಹೇಳುತ್ತಾನೆ ಎಂದುಕೊಂಡೆ. ವ್ಯಾನು, ರ‍್ಯಾಂಕು, ಪ್ರಾರ್ಥನೆ, ಯಾವುದನ್ನೂ ಹೇಳಲಿಲ್ಲ.

“ಅಪ್ಪಾರ, ನಿಮ್ಮ ಸಾಲ್ಯಾಗ ನಾ ಚಲೋನ ಕಲ್ತೀನಿ. ಆದ್ರ ಸಾಲ್ಯಾಗೂ ನೀವು ಮಾಸ್ತರ, ಮನ್ಯಾಗೂ ಮಾಸ್ತರ. ನನಗ ಅಪ್ಪ ಸಿಗಲಿಲ್ರಿ. ನನ್ನ ಮಕ್ಕಳಿಗರೆ ಸಿಗಲಿ ಅಂತ ಮಾಡೇನಿ.”

ಕರುಣಾ ಸೆರಗಿನ ತುದಿ ಹಿಡಿದುಕೊಂಡು ನಿಂತಿದ್ದಳು. ನನಗೆ ಬಹಳ ಸಂಕಟವಾಯಿತು. ಆ ಹುಡುಗ ನನ್ನ ಮೇಲೆ ನಿಂತಿದ್ದ ದಿನಗಳಲ್ಲಿ ನಾನು ಮಾಸ್ತರರ ಶಿಸ್ತನ್ನು ಮೆಚ್ಚಿಕೊಳ್ಳುತ್ತಿದ್ದೆ. ದೊಡ್ಡವರ ಮಾತು ಅರ್ಥವಾಗದ ಎಲೀಯ ಮಾತ್ರ, ತನ್ನ ಸರದಿ ಬಂದಿದೆಯೆಂದು, ಆಚೆ ಬದಿಯಿಂದಲೇ ತನ್ನ ವಚನ ಓದತೊಡಗಿದ.

ಮಾಸ್ತರರು ಮೊಮ್ಮಗನನ್ನೇ ನೋಡಿದರು. ನನ್ನನ್ನು ನೋಡಿದರು, ಪುಸ್ತಕ ನೋಡಿದರು. ತಪ್ಪು ಎಲ್ಲಾಗಿದೆ ಎಂದು ಕಂಡ ಮೇಲೆ ಸುಮ್ಮನಿರುವ ಜಾತಿಯಲ್ಲ ಮಾಸ್ತರರು. ಚಪ್ಪಲಿ ಬಿಟ್ಟು ಒಳಗೆ ಬಂದು, ಮೊಣಕಾಲು ಹಿಡಿದುಕೊಂಡು ಚಾಪೆಯ ಮೇಲೆ ಕೂತು, ಎಲೀಯನನ್ನು ಎಳೆದು ತಮ್ಮ ಪಕ್ಕಕ್ಕೆ, ಪುಸ್ತಕದ ಸರಿಯಾದ ಬದಿಗೆ ಕೂರಿಸಿಕೊಂಡರು.

“ಅಜ್ಜಾ, ಈ ಅಕ್ಷರೆಲ್ಲಾ ತಲಿಕೆಳಗ ಅದಾವ” ಎಂದು ಎಲೀಯ ದೂರಿದ.

ಮಾಸ್ತರರು ನಕ್ಕರು. ಅಷ್ಟು ವರ್ಷ ಅವರ ತರಗತಿಯಲ್ಲಿದ್ದ ನಾನು ಅವರ ನಗೆ ಕೇಳಿದ್ದು ಅಂದೇ ಮೊದಲು. ಹೋಗುವಾಗ, ಹುಡುಗನ ಓದು ನೆಟ್ಟಗಾಗುವ ತನಕ ದಿನಾ ಬರುತ್ತೇನೆ ಎಂದು ಸೊಸೆಗೆ ಹೇಳಿ ಹೋದರು.

ಎಲೀಯನ ಓದು ನೆಟ್ಟಗಾಗಲು ಹದಿನೈದು ದಿನವೂ ಬೇಕಾಗಲಿಲ್ಲ. ಮಾಸ್ತರರು ಮಾತ್ರ ವರ್ಷಗಟ್ಟಲೆ ಬಂದರು. ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿಗೆ ಸರಿಯಾಗಿ ಛತ್ರಿ ಬಾಗಿಲ ಮೂಲೆಗೆ ಒರಗುತ್ತಿತ್ತು. ಕೆಳಗೆ ಕೂರಲು ಮೊಣಕಾಲು ಬಗ್ಗದಂತಾದಾಗ ನನ್ನ ಒಂದು ತುದಿಯಲ್ಲಿ ಕೂರತೊಡಗಿದರು. ಲೆಕ್ಕ ತಪ್ಪಿದರೆ ಮೊದಲು ಹುಬ್ಬು ಗಂಟಿಕ್ಕುತ್ತಿದ್ದರು. ಆಮೇಲಾಮೇಲೆ ಕೋಟಿನ ಜೇಬಿನಿಂದ ಹುರಿದ ಶೇಂಗಾ ತೆಗೆದು ಕೊಟ್ಟು, ತಿಂದು ಮತ್ತೊಮ್ಮೆ ಮಾಡು ಅನ್ನುತ್ತಿದ್ದರು. ಒಮ್ಮೆ ನಿರೀಕ್ಷಾ ಅವರ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಹೋದಳು. ಮಾಸ್ತರರು ಪಾಠ ನಿಲ್ಲಿಸಿ, ಅವಳು ಏಳುವ ತನಕ ಅಲುಗಾಡದೆ ಕೂತರು. ಕೆಲಸಕ್ಕೆ ಹೊರಟಿದ್ದ ಸುಜಯ ಅದನ್ನು ನೋಡಿ ಬಾಗಿಲಲ್ಲೇ ನಿಂತ. ಆ ದಿನ ಅವನು ಕೆಲಸಕ್ಕೆ ತಡವಾಗಿ ಹೋದ. ಈಗ ನೆನೆದರೆ ನನ್ನ ಬಾಳಿನ ಒಳ್ಳೆಯ ದಿನಗಳೆಂದರೆ ಅವೇ.

ನಿರೀಕ್ಷಾಳಿಗೆ ಹದಿಮೂರು ತುಂಬಿದ ವರ್ಷ ಒಂದು ಬೆಳಿಗ್ಗೆ ಪ್ರಾರ್ಥನೆ ಅವಳ ಪಾಲಿಗೆ ಬಂತು. ಎಲ್ಲರಿಗಾಗಿ ಬೇಡಿಕೊಂಡ ಮೇಲೆ, ಸ್ವಲ್ಪ ತಡೆದು, ತನಗೆ ಶಾಲೆಗೆ ಹೋಗುವ ಆಸೆಯಿದೆ, ಜಗಳಾಡಲು ಗೆಳತಿಯರು ಬೇಕಾಗಿದ್ದಾರೆ, ಅಪ್ಪನಿಗೆ ಬೇಸರವಾಗದ ಹಾಗೆ ನೋಡಿಕೋ ದೇವರೇ ಎಂದಳು. ಈ ಸಲ ಎಲ್ಲರೂ ಆಮೆನ್ ಅಂದರು, ಸುಜಯನ ದನಿ ಮಾತ್ರ ಸಣ್ಣದಾಗಿತ್ತು.

ಮಾಸ್ತರರು ಗೆದ್ದೆನೆಂದು ಬೀಗುತ್ತಾರೆ ಎಂದು ನಾನು ಕಾದೆ. ಅವರು ಗಂಟಲು ಸರಿಮಾಡಿಕೊಂಡು, ಈ ವರ್ಷ ಬೇಡ, ಬೀಜಗಣಿತ ಇನ್ನೂ ಅರ್ಧ ಉಳಿದಿದೆ, ಮುಂದಿನ ವರ್ಷ ನೋಡೋಣ ಎಂದರು. ಕರುಣಾ ನಗು ತಡೆಯಲು ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಓಡಿದಳು. ಸಾಲಿಗೆ ಕಳಿಸು ಅಂತ ಹೊಸ್ತಿಲಾಚೆ ನಿಂತು ಹೇಳಿದವರು ನೀವೇ ಅಲ್ಲವೇ ಎಂದು ಸುಜಯ ಕೇಳಿದ.

“ಆವತ್ತು ಹೇಳಿದಾಂವ ಮಾಸ್ತರ. ಇವತ್ತು ಹೇಳಾಕತ್ತಾಂವ ಆಕಿ ಅಜ್ಜ” ಎಂದರು ಅವರು.

ಸುಜಯ ಒಂದು ವಾರ ಯೋಚಿಸಿದ. ಇಷ್ಟು ದಿನ ಮಕ್ಕಳನ್ನು ಅವರಿಗೋಸ್ಕರ ಮನೆಯಲ್ಲಿಟ್ಟುಕೊಂಡೆ, ಇನ್ನು ಇಟ್ಟುಕೊಂಡರೆ ಅದು ನನಗೋಸ್ಕರ ಎಂದು ಕರುಣಾಳಿಗೆ ಹೇಳಿದ್ದು ನನಗೆ ಕೇಳಿಸಿತು. ನಿರೀಕ್ಷಾ ಪ್ರವೇಶ ಪರೀಕ್ಷೆ ಬರೆದು ಎಂಟನೇ ತರಗತಿಗೆ ಸೇರಿದಳು. ಜೂನ್ ತಿಂಗಳ ಒಂದು ಬೆಳಿಗ್ಗೆ ಹೊಸ ಯೂನಿಫಾರ್ಮ್ ಹಾಕಿಕೊಂಡು, ಪ್ರಾರ್ಥನೆ ಮುಗಿಸಿ, ಅಜ್ಜನ ಕೈಗೆ ಮುತ್ತು ಕೊಟ್ಟು ಹೋದಳು. ಕರುಣಾ ಎಲೀಯನನ್ನು ಕರೆದುಕೊಂಡು ಓಣಿಯ ತುದಿಯ ತನಕ ಬಿಡಲು ಹೋದಳು.

ಮನೆಯಲ್ಲಿ ಉಳಿದವರು ತಂದೆ, ಮಗ ಮತ್ತು ನಾನು. ಮಾಸ್ತರರು ನನ್ನ ತುದಿಯಲ್ಲಿ ಕೂತಿದ್ದರು. ಸುಜಯ ಬಂದು ಪಕ್ಕದಲ್ಲಿ ಕೂತ. ಇಬ್ಬರ ಭಾರವೂ ಒಟ್ಟಿಗೆ ನನ್ನ ಮೇಲೆ ಬಿದ್ದದ್ದು ಅದೇ ಮೊದಲು. ಎಷ್ಟೋ ಹೊತ್ತು ಇಬ್ಬರೂ ಬಾಗಿಲ ಕಡೆ ನೋಡುತ್ತಿದ್ದರು.

“ಸಂಜೀಕ ಆಕಿ ಬಂದ ಕೂಡ್ಲೆ ಇವತ್ತೇನ ಕಲ್ತಿ ಅಂತ ಕೇಳಬ್ಯಾಡ” ಎಂದರು ಮಾಸ್ತರರು. “ಉಂಡಿಯೇನು ಅಂತ ಕೇಳು. ನಾ ನಿನಗ ಅದನ್ನ ಕೇಳಬೇಕಾಗಿತ್ತು.”

ಸುಜಯ ಮುಖ ಆಚೆ ತಿರುಗಿಸಿಕೊಂಡ. ಅವನ ಹೆಗಲು ಅಲುಗುತ್ತಿತ್ತು. ಮಾಸ್ತರರು ಕೈ ಎತ್ತಿ, ಎಲ್ಲಿಡಬೇಕೆಂದು ತಿಳಿಯದವರಂತೆ ಸ್ವಲ್ಪ ಹೊತ್ತು ಹಾಗೇ ಹಿಡಿದು, ಕೊನೆಗೆ ಮಗನ ಬೆನ್ನ ಮೇಲಿಟ್ಟರು. ಆಮೇಲೆ ಬೆಳಿಗ್ಗೆ ಏನಾದರೂ ತಿಂದಿದ್ದೀಯಾ ಎಂದು ಕೇಳಿದರು. ಇಲ್ಲವೆಂದ. ಇಬ್ಬರೂ ಎದ್ದು ಅಡುಗೆಮನೆಗೆ ಹೋಗಿ, ಆರಿದ ಉಪ್ಪಿಟ್ಟನ್ನು ಒಂದೇ ತಾಟಿನಲ್ಲಿ ಹಾಕಿಕೊಂಡು ತಿಂದರು.

ಎರಡು ವರ್ಷದ ಮೇಲೆ ಎಲೀಯನೂ ಶಾಲೆಗೆ ಹೋದ. ಮಾಸ್ತರರು ಈಗಿಲ್ಲ. ನಾನು ಹಿತ್ತಿಲ ಪಡಸಾಲೆಯಲ್ಲಿದ್ದೇನೆ. ಒಂದು ಕಾಲಿಗೆ ಗೆದ್ದಲು ಹಿಡಿದಿದೆ, ಮೇಲೆ ಕರುಣಾಳ ಹೂವಿನ ಕುಂಡಗಳಿವೆ. ನೀರು ಸೋರಿ ಬೆನ್ನೆಲ್ಲ ಕಪ್ಪಾಗಿದೆ. ಶಾಲೆ ಮೇಲೋ ಮನೆ ಮೇಲೋ ಎಂದು ಯಾರಾದರೂ ವಾದ ಮಾಡಿದರೆ ಈಗ ನಾನು ಯಾರ ಪಕ್ಷವನ್ನೂ ಹಿಡಿಯುವುದಿಲ್ಲ. ಎರಡೂ ಕಡೆ ಉಂಡು ಬೆಳೆದವನು ನಾನು.

ಸಭೆಗೆ ಹೊಸದಾಗಿ ಬಂದ ಚಿಕ್ಕ ವಯಸ್ಸಿನ ಗಂಡಹೆಂಡತಿ ಆಗಾಗ ಸುಜಯನನ್ನು ಹುಡುಕಿಕೊಂಡು ಬರುತ್ತಾರೆ. ಮಕ್ಕಳನ್ನು ಮನೆಯಲ್ಲೇ ಓದಿಸಿದಿರಂತೆ, ಅದರಿಂದ ಏನು ಒಳ್ಳೆಯದಾಯಿತು ಎಂದು ಕೇಳುತ್ತಾರೆ. ಹಿಂದೆ ಸುಜಯನ ಬಳಿ ರಾಶಿ ಕಾರಣಗಳಿದ್ದವು. ಈಗ, “ನಮ್ಮಪ್ಪಾರು ದಿನಾ ಬರ್ತಿದ್ರು” ಎನ್ನುತ್ತಾನೆ. ಕೇಳಿದವರು ಮುಂದೆ ಏನೋ ಹೇಳುತ್ತಾನೆಂದು ಕಾಯುತ್ತಾರೆ. ಅವನು ಅವರಿಗೆ ಚಹಾ ತರಲು ಒಳಗೆ ಹೋಗುತ್ತಾನೆ.