ಎಡಗೈಯ ಕತ್ತರಿ

ಹೊಲಿಗೆ ಟೀಚರಿಗೆ ಒಂದು ಅಭ್ಯಾಸವಿತ್ತು. ಯಾರಾದರೂ ಬಟ್ಟೆ ಕತ್ತರಿಸಲು ತಡವರಿಸಿದರೆ ಸಾಕು, "ಕೊಡಿಲ್ಲಿ" ಎಂದು ಕತ್ತರಿ ಕಿತ್ತುಕೊಂಡು ತಾವೇ ಕತ್ತರಿಸಿಬಿಡುತ್ತಿದ್ದರು. ಇಪ್ಪತ್ತು ವರ್ಷ ಹೀಗೇ ನಡೆಯಿತು. ತಮ್ಮಷ್ಟು ಅಕ್ಕರೆಯಿಂದ ಕಲಿಸುವವರಿಲ್ಲ ಎಂದೇ ಅವರು ನಂಬಿದ್ದರು.

ಒಂದು ದಿನ ಹಳೆಯ ವಿದ್ಯಾರ್ಥಿನಿಯೊಬ್ಬಳು ಬಟ್ಟೆ ಹಿಡಿದುಕೊಂಡು ಬಂದಳು.

"ಟೀಚರ್, ಇದೊಂದು ಕತ್ತರಿಸಿ ಕೊಡ್ತೀರಾ? ಹೊಲಿಯೋದು ನಾನೇ ಹೊಲ್ಕೋತೀನಿ."

"ಅಲ್ಲಮ್ಮ, ಇಡೀ ವರ್ಷ ಕಲಿತೆಯಲ್ಲ?"

"ಕತ್ತರಿಸೋದೆಲ್ಲ ನೀವೇ ಮಾಡ್ತಿದ್ರಿ. ನನಗೆಲ್ಲಿ ಬರುತ್ತೆ?"

ಅವಳದೇನೂ ಚುಚ್ಚುವ ಮಾತಲ್ಲ. ಆದರೂ ಟೀಚರ್ ಅವತ್ತು ರಾತ್ರಿಯೆಲ್ಲ ಅದನ್ನೇ ಯೋಚಿಸಿದರು.

ಮಾರನೆಯ ದಿನ ತರಗತಿಯ ಆರೂ ಹುಡುಗಿಯರ ಕೈಗೆ ಕತ್ತರಿ ಕೊಟ್ಟು, "ಇವತ್ತು ರವಿಕೆಯ ತೋಳು ನೀವೇ ಕತ್ತರಿಸಿ. ಕರೆದ್ರೆ ಮಾತ್ರ ಬರ್ತೀನಿ" ಎಂದು ಸ್ಟೂಲಿನ ಮೇಲೆ ಕೂತರು. ಕೂತದ್ದೇನೋ ಸರಿ, ಕೈ ಸುಮ್ಮನಿರಬೇಕಲ್ಲ! ಒಬ್ಬಳು ಗೆರೆ ತಪ್ಪಿದಳು, ಇನ್ನೊಬ್ಬಳು ಬಟ್ಟೆಯನ್ನು ತಲೆಕೆಳಗಾಗಿ ಹಾಸಿದಳು. ಟೀಚರ್ ಎರಡೂ ಕೈಗಳನ್ನು ಕಂಕುಳಲ್ಲಿ ಬಿಗಿದುಕೊಂಡರು.

ಬೇರೆ ಕೆಲಸವಿಲ್ಲದೆ ಕಣ್ಣು ಕೊನೆಯ ಮೇಜಿನತ್ತ ಹೋಯಿತು. ಅಲ್ಲಿದ್ದವಳು ಗುಬ್ಬಿ. ಆಳು ಪುಟ್ಟಗಿದ್ದುದರಿಂದ ಎಲ್ಲರೂ ಹಾಗೆ ಕರೆಯುತ್ತಿದ್ದರು. ಟೀಚರ್ ಕತ್ತರಿ ಕಿತ್ತುಕೊಳ್ಳುವ ಮೊದಲು ಅವಳು ಕತ್ತರಿಸಿದಷ್ಟು ಅಂಚು ಇಲಿ ಕಡಿದಂತಿರುತ್ತಿತ್ತು. ಇವಳಿಗೆ ಈ ಕಸುಬು ಹತ್ತುವುದಿಲ್ಲ ಎಂದು ಟೀಚರ್ ಆಸೆ ಬಿಟ್ಟಿದ್ದರು. ಈಗ ನೋಡಿದರೆ ಗುಬ್ಬಿ ಎಡಗೈಯಲ್ಲಿ ಚಾಕ್ ಹಿಡಿದು ತೋಳಿನ ತಿರುವನ್ನು ಒಂದೇ ಏಟಿಗೆ ಎಳೆದಳು. ಎಷ್ಟು ಚೊಕ್ಕ ಗೆರೆ! ಆಮೇಲೆ ಬಲಗೈಗೆ ಕತ್ತರಿ ತೆಗೆದುಕೊಂಡಳು. ಮತ್ತೆ ಅದೇ ಇಲಿ.

"ಕೈ ಯಾಕಮ್ಮ ಬದಲಾಯಿಸಿದೆ?"

"ನೀವೇ ಮೊದಲನೇ ದಿನ ಹೇಳಿದ್ರಲ್ಲ ಟೀಚರ್, ಕತ್ತರಿ ಬಲಗೈಲೇ ಹಿಡೀಬೇಕು ಅಂತ."

ಅವಳು ಸೇರಿ ಮೂರು ತಿಂಗಳಾಗಿತ್ತು. ಟೀಚರ ಮುಖ ಸಪ್ಪಗಾಯಿತು. "ತಪ್ಪು ನಂದೇ ಕಣಮ್ಮ" ಎಂದರು.

ವಾರದೊಳಗೆ ನಾಲ್ಕಾರು ಅಂಗಡಿ ಅಲೆದು ಅಲಗುಗಳನ್ನು ತಿರುವುಮುರುವಾಗಿ ಕೂಡಿಸಿದ, ಎಡಗೈಯವರ ಕತ್ತರಿಯೊಂದನ್ನು ಹುಡುಕಿ ತಂದರು. ಹೇಗಿದೆ ನೋಡೋಣವೆಂದು ತಾವೇ ಬಲಗೈಯಲ್ಲಿ ಚಿಂದಿಯೊಂದನ್ನು ಕತ್ತರಿಸಹೋದರೆ, ಬಟ್ಟೆ ಅಲಗುಗಳ ನಡುವೆ ಮಡಚಿಕೊಂಡು ಕೂತಿತು. ಎಲ್ಲರೂ ನಕ್ಕರು. ಟೀಚರೂ ನಕ್ಕರು, ಆದರೆ ಒಳಗೆ ಚುರುಕ್ಕೆಂದಿತು: ಒಗ್ಗದ ಕೈಯಲ್ಲಿ ಈ ಹುಡುಗಿ ದಿನವೂ ಪಟ್ಟ ಪಾಡೂ ಇಂಥದ್ದೇ ಅಲ್ಲವೇ?

ಗುಬ್ಬಿ ಎಡಗೈಯಲ್ಲಿ ಶುರುಮಾಡಿದಳು. ಕತ್ತರಿ ಬಟ್ಟೆಯನ್ನು ಸರಾಗವಾಗಿ ಸೀಳುತ್ತ ಹೋಯಿತು. ತಿರುವಿನಲ್ಲಿ ಮಾತ್ರ ಗೆರೆಯಿಂದ ತುಸು ಹೊರಗೆ ಸರಿಯಿತು. ಬಾಗಿ ನೋಡುತ್ತಿದ್ದ ಟೀಚರ ಕೈ ಮುಂದಕ್ಕೆ ಬಂತು, ಹಾಗೇ ಹಿಂದಕ್ಕೂ ಹೋಯಿತು. ಗುಬ್ಬಿ ತಾನೇ ನಿಲ್ಲಿಸಿದಳು, ಗೆರೆ ನೋಡಿದಳು, ತಿದ್ದಿಕೊಂಡಳು.

"ಟೀಚರ್, ಒಂಚೂರು ಆ ಕಡೆ ಸರೀತೀರಾ? ಬೆಳಕಿಗೆ ಅಡ್ಡ ಬರ್ತಿದೀರ."

ಟೀಚರ್ ಸರಿದು ನಿಂತರು.