ಹೊಕ್ಕುಳ ಕೆಳಗಿನ ಬಿಸಿ

ಫಾನ್ ದೆಹೈ ಲುವೊಯಾಂಗಿನ ಒಂದು ಕಾರ್ಖಾನೆಯ ಕುಲುಮೆಯ ಮುಂದೆ ಮೂವತ್ತಾರು ವರ್ಷ ಸುತ್ತಿಗೆ ಬಡಿದವನು. ನಿವೃತ್ತನಾದ ಮೇಲೆ ಕೈಗೆ ಕೆಲಸವಿಲ್ಲದೆ ಬಡಿಯುವ ಕೆಲಸವನ್ನೆಲ್ಲ ಬಾಯಿಗೆ ವಹಿಸಿದ. ವಠಾರದ ಅಂಗಳದಲ್ಲಿ ಯಾರು ಚದುರಂಗ ಆಡಿದರೂ ಬೆನ್ನ ಹಿಂದೆ ನಿಂತು, "ಅದೇನ್ ಕುದುರೆ ನಡೆಸ್ತೀಯೋ, ಕತ್ತೆ ನಡೆಸ್ತೀಯೋ?" ಎಂದು ಬೈಯುತ್ತಿದ್ದ. ರಕ್ತದೊತ್ತಡ ನೋಡಿದ ಡಾಕ್ಟರು ಉಪ್ಪು ಬಿಡಿ ಎಂದರು. ಹೆಂಡತಿ ಸೂಯಿನ್ ಚದುರಂಗ ಬಿಡು ಎಂದಳು. ಎರಡನ್ನೂ ಬಿಡಲಾರದೆ ಅವನು ಉದ್ಯಾನದಲ್ಲಿ ಶಾಂಗ್ ಮೇಷ್ಟ್ರ ಬಳಿ ತಾಯ್‌ಚಿ ಎಂಬ ನಿಧಾನದ ವ್ಯಾಯಾಮಕ್ಕೆ ಸೇರಿಕೊಂಡ.

ಎಂಟು ತಿಂಗಳಾದರೂ ಅವನ ಕೈ ಗಾಳಿಯಲ್ಲಿ ಕಬ್ಬಿಣ ಬಡಿಯುವುದನ್ನು ಬಿಡಲಿಲ್ಲ. "ಮೋಡದ ಹಾಗೆ ಆಡಿಸು," ಎನ್ನುತ್ತಿದ್ದರು ಎಂಬತ್ತರ ಮೇಷ್ಟ್ರು. ಫಾನ್ ಆಡಿಸಿದರೆ ಪಕ್ಕದವರು ಎರಡು ಹೆಜ್ಜೆ ಸರಿಯುತ್ತಿದ್ದರು. ಅದಕ್ಕಿಂತ ದೊಡ್ಡ ಅವಮಾನ ಇನ್ನೊಂದಿತ್ತು. ಉಳಿದವರಿಗೆಲ್ಲ ಒಳಗಿನ ಶಕ್ತಿ, ಅಂದರೆ ‘ಚಿ’, ಏನಾದರೊಂದು ಗುರುತು ತೋರಿಸಿತ್ತು. ಟೆಲಿಫೋನ್ ಕಚೇರಿಯಲ್ಲಿದ್ದ ಗೆಂಗ್ ಅಕ್ಕನಿಗೆ ತೋಳಿನಲ್ಲಿ ಇರುವೆ ಹರಿದಂತಾಗುತ್ತಿತ್ತಂತೆ. ಇನ್ನೊಬ್ಬರಿಗೆ ಅಂಗೈ ಜುಮ್ಮೆನ್ನುತ್ತಿತ್ತಂತೆ. ಫಾನನಿಗೆ ಆಗುತ್ತಿದ್ದುದು ಮಂಡಿನೋವೊಂದೇ.

"ಹೊಕ್ಕುಳಿಂದ ಮೂರು ಬೆರಳು ಕೆಳಗೆ ಮನಸ್ಸಿಡು," ಎಂದರು ಮೇಷ್ಟ್ರು.

"ಇಟ್ಟಿದೀನಿ ಮೇಷ್ಟ್ರೇ. ಅಲ್ಲಿ ಯಾರೂ ಇಲ್ಲ."

ವರ್ಷದ ಕೊನೆಯ ತಿಂಗಳಲ್ಲಿ, ಚಳಿ ಏರಿದ ಒಂದು ಮುಂಜಾನೆ, ಮೂರನೇ ಭಂಗಿಗೆ ಬರುವಷ್ಟರಲ್ಲಿ, ಸರಿಯಾಗಿ ಆ ಮೂರು ಬೆರಳಿನ ಜಾಗದಲ್ಲಿ ಹಿತವಾದ ಬಿಸಿ ಹುಟ್ಟಿತು. ಫಾನ್ ಉಸಿರು ಬಿಗಿಹಿಡಿದ. ಬಿಸಿ ಹೋಗಲಿಲ್ಲ, ಕೆಂಡದ ಮೇಲೆ ಬೂದಿ ಮುಚ್ಚಿಟ್ಟ ಹಾಗೆ ಮೆಲ್ಲಗೆ ಹೊಟ್ಟೆಯ ತುಂಬ ಹರಡಿತು. ಬಿಸಿಯ ಜೊತೆಯಲ್ಲೇ ಬದುಕಿದ ಮನುಷ್ಯನಿಗೆ ಅದು ಭ್ರಮೆಯೋ ನಿಜವೋ ಗೊತ್ತಾಗದೇ? ಮರುದಿನವೂ ಬಂತು. ಮೂರನೇ ದಿನ ತಡೆಯಲಾಗದೆ ಗೆಂಗ್ ಅಕ್ಕನ ಕಿವಿಯಲ್ಲಿ ಹೇಳಿದ. ಅವಳ ಕಿವಿಗೆ ಹೇಳುವುದೂ ಉದ್ಯಾನದ ಮೈಕಿನಲ್ಲಿ ಹೇಳುವುದೂ ಒಂದೇ.

ವಾರದೊಳಗೆ ಫಾನನ ಮರ್ಯಾದೆ ಬೇರೆಯಾಯಿತು. ಮುಂದಿನ ಸಾಲಿನಲ್ಲಿ ಜಾಗ ಸಿಕ್ಕಿತು. ಒಬ್ಬರು ಕುತ್ತಿಗೆ ತೋರಿಸಿ, "ಫಾನ್ ಅಣ್ಣ, ಸ್ವಲ್ಪ ಅಂಗೈ ಇಡಿ," ಎಂದರು. ಇಟ್ಟ. ಕಡಿಮೆಯಾಯಿತು ಎಂದರು. ಅಂಥ ಶಕ್ತಿ ಹೊತ್ತವನು ಕಿರುಚಾಡಿದರೆ ಚೆನ್ನಾಗಿರುವುದಿಲ್ಲವೆಂದು ಫಾನ್ ದನಿ ತಗ್ಗಿಸಿದ. ಚದುರಂಗದವರು ಆನೆಯನ್ನು ಸುಮ್ಮನೆ ಬಲಿಕೊಟ್ಟಾಗಲೂ ಕೈಕಟ್ಟಿ ಮುಗುಳ್ನಕ್ಕು ಮುಂದೆ ಹೋದ. ಆಡುತ್ತಿದ್ದವರು ಗಾಬರಿಯಾಗಿ ಸೂಯಿನ್‌ಳನ್ನು ಕೇಳಿದರು, "ಯಜಮಾನ್ರಿಗೆ ಮೈಗೆ ಹುಷಾರಿಲ್ವಾ?"

ಮೂರು ವಾರ ಹೀಗೆ ಸುಖವಾಗಿ ಕಳೆಯಿತು. ಅಷ್ಟರಲ್ಲಿ ಕೈಫೆಂಗಿನಲ್ಲಿದ್ದ ತಂಗಿಯ ಕಾಲು ಉಳುಕಿತೆಂದು ಸೂಯಿನ್ ಹತ್ತು ದಿನಕ್ಕೆ ಹೊರಟುಹೋದಳು. ಅವಳು ಹೋದ ಮರುದಿನವೇ ಬಿಸಿ ಮಾಯವಾಯಿತು.

ಫಾನ್ ಹುಡುಕದ ಕಾರಣವಿಲ್ಲ. ಬೆಳ್ಳುಳ್ಳಿ ಇರಬಹುದೆಂದು ಬೆಳ್ಳುಳ್ಳಿ ಬಿಟ್ಟ. ದನದ ಮಾಂಸದ ಸಾರು ಇರಬಹುದೆಂದು, ಹುಟ್ಟಿದಾಗಿನಿಂದ ಬೆಳಿಗ್ಗೆ ಕುಡಿಯುತ್ತಿದ್ದ ಸಾರನ್ನೂ ಬಿಟ್ಟ. ಹಳೆಯ ಸಹೋದ್ಯೋಗಿಯ ಮನೆಗೆ ಹೋಗಿ, ಹದಿನೆಂಟು ವರ್ಷದ ಹಿಂದೆ ಬೈದದ್ದಕ್ಕೆ ಕ್ಷಮೆ ಕೇಳಿದ. ಆ ಮನುಷ್ಯನಿಗೆ ಬೈಗುಳ ನೆನಪೇ ಇರಲಿಲ್ಲ. ಫಾನ್ ನೆನಪಿಸಿದ ಮೇಲೆ ಸಿಟ್ಟು ಬಂದು ಬಾಗಿಲು ಹಾಕಿಕೊಂಡ. ಹೊಟ್ಟೆ ಮಾತ್ರ ಮಂಜಿನಂತೆ ತಣ್ಣಗೇ ಇತ್ತು. ಉದ್ಯಾನದಲ್ಲಿ ಯಾರಾದರೂ ಕೇಳಿದರೆ, "ಇದೆ, ಇದೆ," ಎಂದು ಸುಳ್ಳು ಹೇಳಿ ಮುಖ ತಿರುಗಿಸುತ್ತಿದ್ದ.

ಸೂಯಿನ್ ಊರಿಂದ ಬಂದವಳು ಗಂಡನ ಗುಳಿಬಿದ್ದ ಕೆನ್ನೆ ನೋಡಿ ಗಂಟು ಕೆಳಗಿಟ್ಟಳು.

"ಏನಾಯ್ತು ಮುದುಕಪ್ಪಾ? ಊಟ ಮಾಡ್ಲಿಲ್ವಾ?"

"ನನ್ನ ಚಿ ಹೋಯ್ತು ಕಣೇ."

"ಎಲ್ಲಿಗೆ?"

"ಎಲ್ಲಿಗೆ ಅಂತ ಗೊತ್ತಿದ್ರೆ ಹೋಗಿ ಕರ್ಕೊಂಡ್ ಬರ್ತಿದ್ದೆ." ಅವನು ಸಣ್ಣ ದನಿಯಲ್ಲಿ ಎಲ್ಲವನ್ನೂ ಹೇಳಿದ: ಹೊಕ್ಕುಳ ಕೆಳಗೆ, ಮೂರು ಬೆರಳು, ಮೂರನೇ ಭಂಗಿ.

ಸೂಯಿನ್ ಬಾಯಿಗೆ ಸೆರಗಿಲ್ಲದ ಕಾರಣ ಟೋಪಿಯನ್ನೇ ಅಡ್ಡ ಹಿಡಿದಳು. ಆದರೂ ನಗು ನಿಲ್ಲದೆ ನೆಲದ ಮೇಲೆ ಕುಳಿತುಬಿಟ್ಟಳು. ಆಮೇಲೆ ಎದ್ದು ಪೆಟ್ಟಿಗೆಯಿಂದ ಒಂದು ಪೊಟ್ಟಣ ತಂದು ಅವನ ಮುಂದೆ ಹಿಡಿದಳು. ಗಾಳಿ ತಾಗಿದರೆ ತಾನಾಗಿ ಬಿಸಿಯಾಗುವ, ಬಟ್ಟೆಗೆ ಅಂಟಿಸುವ ಪಟ್ಟಿಗಳು.

"ಚಳೀಲಿ ಹೊಟ್ಟೆ ಹಿಡ್ಕೊಂಡ್ರೆ ಆಮೇಲೆ ನರಳೋನು ನೀನು. ಹಾಕ್ಕೋ ಅಂದ್ರೆ, ಕುಲುಮೆ ಮುಂದೆ ನಿಂತೋನಿಗೆ ಇದ್ಯಾಕೆ ಅಂತ ಹಾರಾಡ್ತಿದ್ದೆ. ಅದಕ್ಕೆ ನೀನು ಮುಖ ತೊಳೆಯೋ ಹೊತ್ತಲ್ಲಿ ಹತ್ತಿಯ ಚಲ್ಲಣದ ಒಳಪದರಕ್ಕೆ ಅಂಟಿಸಿಡ್ತಿದ್ದೆ. ಬಿಚ್ಚಿಟ್ಟ ಮೇಲೆ ತೆಗೀತಿದ್ದೆ."

ಫಾನನಿಗೆ ಮೊದಲು ಸಿಟ್ಟು ಬಂತು, ಆಮೇಲೆ ನಾಚಿಕೆ, ಕೊನೆಗೆ ಉದ್ಯಾನದವರಿಗೆ ಏನು ಹೇಳಲಿ ಎಂಬ ಭಯ. ಅಂದು ಮಧ್ಯಾಹ್ನವೇ ಮೇಷ್ಟ್ರ ಮನೆಗೆ ಹೋಗಿ ತಲೆತಗ್ಗಿಸಿ ನಿಂತು ನಡೆದದ್ದನ್ನೆಲ್ಲ ಒಪ್ಪಿಕೊಂಡ. ಶಾಂಗ್ ಮೇಷ್ಟ್ರು ಚಹಾ ಕುಡಿಯುತ್ತ ಕೇಳಿದರು.

"ಆ ಮೂರು ವಾರ ಚದುರಂಗದೋರನ್ನ ಬೈದೆಯಾ?"

"ಇಲ್ಲ."

"ಯಾಕೆ?"

"ಚಿ ಇರೋನು ಬೈಬಾರದು ಅಂತ."

"ಕ್ಷಮೆ ಕೇಳೋಕೆ ಹೋದದ್ದು?"

"ಅದು ಪಟ್ಟಿ ಇಲ್ದೇ ಇದ್ದಾಗ."

"ಹಾಗಾದ್ರೆ ಪಟ್ಟಿಗೆ ಯಾಕಪ್ಪ ಕೀರ್ತಿ ಕೊಡ್ತೀಯ?" ಎಂದು ಮೇಷ್ಟ್ರು ಬಟ್ಟಲು ಇಟ್ಟರು. "ನಂಗೆ ಇಪ್ಪತ್ತೆರಡು ವರ್ಷ ಏನೂ ಆಗಿರ್ಲಿಲ್ಲ. ದಿನಾ ಒಳಗೆ ಇಣುಕಿ ನೋಡ್ತಿದ್ದೆ, ಬಂತಾ ಬಂತಾ ಅಂತ. ಹಾಗೆ ಇಣುಕ್ತಾ ಇದ್ರೆ ಒಳಗಿರೋದಕ್ಕೂ ಸಂಕೋಚ ಆಗುತ್ತೆ." ಮತ್ತೆ ಬಟ್ಟಲು ಎತ್ತಿಕೊಂಡು ಕೇಳಿದರು, "ಅದಿರ್ಲಿ, ಆ ಪಟ್ಟಿ ಎಲ್ಲಿ ಸಿಗುತ್ತೆ? ನಂಗೆ ಸೊಂಟ ಹಿಡ್ಕೊಂಡಿದೆ."

ಮರುದಿನ ಫಾನ್ ಎಲ್ಲರೆದುರು ಪಟ್ಟಿಯನ್ನು ಎತ್ತಿ ತೋರಿಸಿ ಸತ್ಯ ಹೇಳಿದ.

"ಎಂಥ ವಿನಯ ನೋಡಿ," ಎಂದಳು ಗೆಂಗ್ ಅಕ್ಕ. "ಇಷ್ಟು ಎತ್ತರಕ್ಕೆ ಹೋದೋರೇ ಹೀಗೆ ಮುಚ್ಚಿಡೋದು."

"ಅಕ್ಕಾ, ಇದು ಅಂಗಡೀಲಿ ಸಿಗುತ್ತೆ."

"ಅಂಗಡೀದು ನಂಗೂ ಗೊತ್ತು, ನಾನೂ ಹಾಕ್ಕೊಂಡಿದೀನಿ. ಇರುವೆ ಹರಿದದ್ದು ಬಿಟ್ರೆ ಬೇರೇನೂ ಆಗಿಲ್ಲ."

ಫಾನ್ ಸೋತು ಹಿಂದಿನ ಸಾಲಿಗೆ ಹೋಗಿ ನಿಂತ. ಇನ್ನು ನಂಬಿಸುವುದಕ್ಕೂ ಏನಿಲ್ಲ, ಹುಡುಕುವುದಕ್ಕೂ ಏನಿಲ್ಲ. ಹೊಟ್ಟೆ ತಣ್ಣಗಿತ್ತು. ಕೈ ತಾನಾಗಿ ಎದ್ದಿತು. ಬಲಗಾಲಿನ ಭಾರ ಎಡಗಾಲಿಗೆ ಇಳಿಯುವುದು ಮೊದಲ ಸಲ ಗೊತ್ತಾಯಿತು, ಬಕೆಟ್ಟಿನಿಂದ ಬಕೆಟ್ಟಿಗೆ ನೀರು ಬಗ್ಗಿಸಿದ ಹಾಗೆ. ಎಲ್ಲೋ ಪೊರಕೆಯ ಸದ್ದು, ಬಾಯಿಂದ ಹೊರಡುವ ಬಿಳಿ ಹಬೆ. ಯಾರೂ ಪಕ್ಕಕ್ಕೆ ಸರಿಯಲಿಲ್ಲ.

ಕೊನೆಯ ಭಂಗಿ ಮುಗಿಸಿ ಕೈ ಇಳಿಸಿದಾಗ ಅರ್ಧ ಜನ ಹೋಗಿಯಾಗಿತ್ತು. ಶಾಂಗ್ ಮೇಷ್ಟ್ರು ಎದುರಿಗೆ ನಿಂತು ನೋಡುತ್ತಿದ್ದರು.

"ಏನಾದ್ರೂ ಆಯ್ತಾ?"

ಫಾನ್ ಯೋಚಿಸಿದ. "ನೋಡೋಕೆ ಮರೆತೆ, ಮೇಷ್ಟ್ರೇ."

ಮೇಷ್ಟ್ರು ತಲೆಯಾಡಿಸಿ ಕೋಟಿನ ಗುಂಡಿ ಹಾಕಿಕೊಂಡರು. ಇಬ್ಬರೂ ಬೀದಿಯ ತಿರುವಿನ ಸಾರಿನ ಅಂಗಡಿಯ ಕಡೆಗೆ, ಮಂಜಿನ ಮೇಲೆ ಜಾರದಂತೆ ಒಬ್ಬರ ತೋಳು ಒಬ್ಬರು ಹಿಡಿದುಕೊಂಡು ನಡೆದರು.