ಹಲ್ಲಿನ ಡಾಕ್ಟರಮ್ಮನ ಬಾಗಿಲ ಮಾತು

ಬಾಯಿ ತೆರೆಸಿ, ಅದರೊಳಗೆ ಒಂದು ಕನ್ನಡಿ, ಒಂದು ಕೊಳವೆ, ಎರಡು ಕೈ ತುರುಕಿ, ಆಮೇಲೆ ‘ಮಕ್ಕಳು ಏನು ಓದ್ತಿದ್ದಾರೆ?’ ಎಂದು ವಿಚಾರಿಸುವುದು ದಂತವೈದ್ಯರ ಕುಲಧರ್ಮವೆಂದೇ ನಾನು ಬಹುಕಾಲ ತಿಳಿದಿದ್ದೆ. ಆ ತಿಳಿವಳಿಕೆಯನ್ನು ಕೆಡಿಸಿದವರು ನಮ್ಮ ಹಲ್ಲಿನ ಡಾಕ್ಟರಮ್ಮ. ರೋಗಿಯ ಬಾಯಿ ತೆರೆದಿರುವಷ್ಟು ಹೊತ್ತೂ ಅವರ ಬಾಯಿ ಮುಚ್ಚಿರುತ್ತಿತ್ತು. ‘ಇನ್ನೂ ಅಗಲ’, ‘ನೋವಾದ್ರೆ ಕೈ ಎತ್ತಿ’ ಎಂಬುದರ ಹೊರತು ಬೇರೊಂದು ಮಾತು ಹೊರಡಿಸಲು ಯಾರಪ್ಪನಿಂದಲೂ ಸಾಧ್ಯವಿರಲಿಲ್ಲ. ಕೈ ಎತ್ತಿದೊಡನೆ ಯಂತ್ರ ನಿಲ್ಲುತ್ತಿತ್ತು. ನನ್ನಂಥ ಪುಕ್ಕಲರು ಸುಮ್ಮನೆ ಎತ್ತಿದರೂ ನಿಲ್ಲುತ್ತಿತ್ತು.

ಕುಳ್ಳಗಿನ, ತುಸು ಸ್ಥೂಲವಾದ ಶರೀರ. ಕುರ್ಚಿಯಿಂದ ಕಪಾಟಿನವರೆಗಿನ ಅಂತರಕ್ಕೂ ಬಸ್ಸು ತಪ್ಪಿಹೋಗುತ್ತಿದೆಯೇನೋ ಎಂಬಂಥ ಧಾವಂತದ ನಡಿಗೆ. ಬಿಳಿ ಕೋಟಿನ ಮೇಲ್ಗುಂಡಿ ಎಂದೋ ಉದುರಿಹೋಗಿ, ಅಲ್ಲೊಂದು ಕಪ್ಪು ಗುಂಡಿ ಕುಳಿತಿತ್ತು. ಅದು ತೀರಿಹೋದ ಗಂಡನ ಕೋಟಿನಿಂದ ಬಂದದ್ದಂತೆ. ಬಣ್ಣ ಹೊಂದುವುದಿಲ್ಲವೆಂದು ಯಾರಾದರೂ ಹೇಳಿದರೆ, ‘ಗುಂಡಿ ಹಾಕ್ಕೊಳೋಕೆ ಬರುತ್ತಲ್ಲ, ಸಾಕು’ ಎನ್ನುತ್ತಿದ್ದರು.

ಕೆಲಸ ಮುಗಿದ ಮೇಲೆ ನಡೆಯುವ ವಿಧಿಯೇ ಬೇರೆ. ಕುರ್ಚಿಯನ್ನು ನೆಟ್ಟಗೆ ಮಾಡುವರು. ಬಾಯಿ ಮುಕ್ಕಳಿಸಲು ಬಿಡುವರು. ಕೈಗವಸು, ಮುಖಗವಸು ಎರಡನ್ನೂ ತೆಗೆದು ತಮ್ಮ ಪೂರ್ತಿ ಮುಖ ತೋರಿಸುವರು. ತಾವೇ ಧಡಧಡ ಹೋಗಿ ಹೊರಬಾಗಿಲನ್ನು ಅಷ್ಟಗಲ ತೆರೆದು, ಪಕ್ಕಕ್ಕೆ ಸರಿದು ನಿಲ್ಲುವರು. ರೋಗಿ ಹೊಸ್ತಿಲಿಗೆ ಬಂದ ಮೇಲೆಯೇ ಆ ಮಾತು: ‘ನಾನು ಯೇಸುವನ್ನ ನಂಬಿದೋಳು. ಯಾಕೆ ಅಂತ ಕೇಳ್ಬೇಕು ಅನ್ಸಿದ್ರೆ ಹೇಳ್ತೀನಿ. ಬೇಡ ಅಂದ್ರೆ ಮೆಟ್ಟಿಲು ನೋಡ್ಕೊಂಡು ಇಳೀರಿ.’ ಬಹುತೇಕರು ಮೆಟ್ಟಿಲನ್ನೇ ನೋಡಿಕೊಂಡು ಇಳಿಯುತ್ತಿದ್ದರು. ಅದರಿಂದ ಡಾಕ್ಟರಮ್ಮನ ಮುಖ ಎಳ್ಳಷ್ಟೂ ಬಾಡುತ್ತಿರಲಿಲ್ಲ.

ನಾನು ದೇವರೆಂದರೆ ಮೂಗು ಮುರಿಯುವ ಆಸಾಮಿ, ಜೊತೆಗೆ ಹುಟ್ಟಾ ವಾದಪ್ರಿಯ. ಮೊದಲ ಸಲವೇ ಹೊಸ್ತಿಲ ಮೇಲೆ ನಿಂತು, ಲೋಕದಲ್ಲಿ ಇಷ್ಟೊಂದು ನೋವಿರುವಾಗ ನಿಮ್ಮ ದೇವರು ಏನು ಮಾಡುತ್ತಿದ್ದಾನೆಂದು ಕೇಳಿದ್ದೆ.

‘ಗೊತ್ತಿಲ್ಲ’ ಎಂದರು.

‘ಗೊತ್ತಿಲ್ಲ ಅಂದ್ರೆ?’

‘ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ. ಗೊತ್ತಿರೋದನ್ನ ಮಾತ್ರ ಹೇಳ್ತೀನಿ. ನಮ್ಮನೆಯವರು ಹೋದಾಗ ನಾನು ಒಬ್ಬಳೇ ಇರ್ಲಿಲ್ಲ. ಯಾರು ಜೊತೆಗಿದ್ರು ಅಂತ ನಂಗೊತ್ತು. ನೀವು ನಂಬ್ಲೇಬೇಕು ಅಂತೇನಿಲ್ಲ, ಆದ್ರೆ ನಾನು ಮುಚ್ಚಿಡಬೇಕು ಅಂತಲೂ ಇಲ್ಲ.’

ವಾದಕ್ಕೆ ತೊಡೆ ತಟ್ಟಿ ನಿಂತವನಿಗೆ ಎದುರಾಳಿಯೇ ಇಲ್ಲದಂತಾಯಿತು. ಅಂದಿನಿಂದ ಹಲ್ಲು ನೋಯದಿದ್ದಾಗಲೂ ಅಲ್ಲಿ ಹೋಗಿ ಕೂರುವ ಅಭ್ಯಾಸ ನನಗೆ ಅಂಟಿಕೊಂಡಿತು.

ಅವರ ಈ ಪದ್ಧತಿ ಎರಡು ಕಡೆಯವರಿಗೂ ಕಣ್ಣುರಿ. ಒಂದು ಕಡೆ, ಚರ್ಚಿನ ಸಭೆಗೆ ಹಿರಿಯರಾಗಿದ್ದ ಅವರ ಚಿಕ್ಕಪ್ಪ ವಾರಕ್ಕೊಮ್ಮೆ ಬಂದು ಬೆಂಚಿನ ಮೇಲೆ ಕುಳಿತು, ‘ಅರ್ಧ ಗಂಟೆ ಕದಲದ ಹಾಗೆ ಕೈಗೆ ಸಿಗ್ತಾರೆ. ಆಗ ಬಾಯಿ ಹೊಲ್ಕೊಂಡಿದ್ದು, ಹೋಗೋ ಹೊತ್ತಿಗೆ ಹೇಳ್ತೀಯಲ್ಲ ಮಗಳೇ’ ಎಂದು ಹಲುಬುತ್ತಿದ್ದರು. ‘ಕದಲೋಕಾಗದೋರಿಗೆ ಹೇಳಿದ್ರೆ ಅದು ಸುವಾರ್ತೆ ಅಲ್ಲ ಚಿಕ್ಕಪ್ಪಾ, ಬೆದರಿಕೆ. ನಮ್ಮ ಒಡೆಯ ಯೇಸು ಯಾರನ್ನಾದ್ರೂ ಕಟ್ಟಿಹಾಕಿ ಕರೆದಿದ್ನಾ?’ ಎಂದು ಡಾಕ್ಟರಮ್ಮ ಉಪಕರಣ ತೊಳೆಯುತ್ತಲೇ ಉತ್ತರಿಸುವರು. ಇನ್ನೊಂದು ಕಡೆ ಕಟ್ಟಡದ ಯಜಮಾನರು. ‘ಹಲ್ಲು ಕೀಳೋಕೆ ಅಂತ ಜಾಗ ಕೊಟ್ಟಿದ್ದು. ಬಾಗಿಲಲ್ಲಿ ನಿಂತು ದೇವರ ಮಾತು ಆಡೋ ಹಾಗಿದ್ರೆ ತಿಂಗಳ ಕೊನೆಗೆ ಖಾಲಿ ಮಾಡಿ’ ಎಂದು ಖಡಾಖಂಡಿತವಾಗಿ ಹೇಳಿಬಿಟ್ಟರು. ಡಾಕ್ಟರಮ್ಮ ಗಂಡನೊಡನೆ ಸೇರಿ ಆ ಬಾಡಿಗೆ ಜಾಗದಲ್ಲಿ ಕಟ್ಟಿ ಬೆಳೆಸಿದ ಚಿಕಿತ್ಸಾಲಯ ಅದು. ಗೋಡೆಗೆ ತಿಳಿಹಸಿರು ಬಣ್ಣ ಬಳಿದವರು ಆತನೇ. ಬಿಟ್ಟುಹೋಗುವುದೆಂದರೆ ಎರಡನೆಯ ಸಲ ವಿಧವೆಯಾದಂತೆ ಎಂದು ಚಿಕ್ಕಪ್ಪ ನನ್ನೊಡನೆ ಹೇಳಿಕೊಂಡು ಕಣ್ಣೊರೆಸಿಕೊಂಡಿದ್ದರು.

ಅದೇ ವಾರ ಯಜಮಾನರ ದವಡೆ ಬಾತುಕೊಂಡಿತು. ಬೇರೆ ವೈದ್ಯರು ಸಿಗಲಿಲ್ಲವೋ, ನೋವು ಅಭಿಮಾನವನ್ನು ಮೀರಿತೋ, ಕೆನ್ನೆಗೆ ಕರವಸ್ತ್ರ ಒತ್ತಿಕೊಂಡು ಬಂದು ಕುರ್ಚಿಯಲ್ಲಿ ಒರಗಿದರು. ಚಿಕ್ಕಪ್ಪನೂ ನಾನೂ ಹೊರಗಿನ ಬೆಂಚಿನ ಮೇಲಿದ್ದೆವು. ನಡುವಿನ ಹಲಗೆಯ ತಡಿಕೆ ಸೂರನ್ನು ಮುಟ್ಟದಿದ್ದುದರಿಂದ ಒಳಗಿನ ಉಸಿರೂ ಕೇಳಿಸುತ್ತಿತ್ತು. ‘ದೇವರೇ ಕಳಿಸಿದಾನೆ, ಈಗಲಾದ್ರೂ ಹೇಳಮ್ಮಾ’ ಎಂದು ಚಿಕ್ಕಪ್ಪ ತಡಿಕೆಗೆ ಬಾಯಿಟ್ಟು ಪಿಸುಗುಟ್ಟಿದರು. ಒಳಗಿನಿಂದ ಬಂದದ್ದು ಅದೇ ‘ಇನ್ನೂ ಅಗಲ’, ಅದೇ ‘ನೋವಾದ್ರೆ ಕೈ ಎತ್ತಿ’. ಯಂತ್ರ ಮತ್ತೆ ಮತ್ತೆ ನಿಲ್ಲುವುದು ಕೇಳಿಸಿತು. ಯಜಮಾನರೂ ನನ್ನಷ್ಟೇ ಪುಕ್ಕಲರೆಂದು ನನಗೆ ಒಳಗೊಳಗೇ ಖುಷಿಯಾಯಿತು.

ನೋವಿಳಿದ ಯಜಮಾನರು ಹೊಸ್ತಿಲಲ್ಲಿ ಕರಗಿದ್ದರು. ಮರಗಟ್ಟಿದ ತುಟಿಯಲ್ಲೇ ತೊದಲಿದರು: ‘ಎಲ್ಲೂ ಹೋಗ್ಬೇಡಿ ಡಾಕ್ಟ್ರಮ್ಮಾ, ಇಲ್ಲೇ ಇರಿ. ಈ ಬಾಗಿಲ ಮಾತೊಂದನ್ನ ಬಿಟ್ಬಿಡಿ, ಅಷ್ಟೇ.’

ಸದ್ಯ, ಜಾಗ ಉಳಿಯಿತೆಂದು ಚಿಕ್ಕಪ್ಪ ನಿಟ್ಟುಸಿರಿಟ್ಟರು. ಒಪ್ಪಿಕೊಂಡುಬಿಡಲಿ ಎಂದು ನಾನೂ ಆಸೆಪಟ್ಟೆ. ಡಾಕ್ಟರಮ್ಮ ಹಸಿರು ಗೋಡೆಯನ್ನೊಮ್ಮೆ ನೋಡಿ, ‘ನಿಮ್ಮ ನಾಲಿಗೆ ಇನ್ನೂ ಸರಿಯಾಗಿಲ್ಲ ಸಾರ್. ನಾಳೆ ಬನ್ನಿ. ನನ್ನ ಜೊತೆ ನೆಟ್ಟಗೆ ಜಗಳ ಆಡೋ ಹಾಗಾದ್ಮೇಲೆ ಮಾತಾಡೋಣ’ ಎಂದರು.

ಯಜಮಾನರು ಬಂದರು, ಜಗಳವನ್ನೂ ಆಡಿದರು. ತಮ್ಮ ಮನೆತನ, ತಮ್ಮ ನಂಬಿಕೆಗಳನ್ನು ಎತ್ತಿಹಿಡಿದು, ಹೊರಗಿನವರು ಬಂದು ಬುದ್ಧಿ ಹೇಳುವ ಅಹಂಕಾರವನ್ನು ತರಾಟೆಗೆ ತೆಗೆದುಕೊಂಡರು. ಅದರಲ್ಲಿ ಕೆಲವು ನನ್ನವೇ ವಾದಗಳು. ಡಾಕ್ಟರಮ್ಮ ಒಮ್ಮೆಯೂ ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿದರು. ಆಮೇಲೆ ಬಾಗಿಲಿಗೆ ಹೋಗಿ ಅದನ್ನು ಅಗಲವಾಗಿ ತೆರೆದು, ತಮ್ಮ ಮಾತನ್ನು ಒಂದಕ್ಷರವೂ ತಗ್ಗಿಸದೆ ಹೇಳಿದರು.

‘ನಂಗೆ ಬೇಡ’ ಎಂದರು ಯಜಮಾನರು.

‘ಸರಿ.’

‘ಹಾಗಾದ್ರೆ ಖಾಲಿ ಮಾಡಿ.’

‘ಮಾಡ್ತೀನಿ. ಇನ್ನೆರಡು ದಿನ ಉಪ್ಪುನೀರಲ್ಲಿ ಬಾಯಿ ಮುಕ್ಕಳಿಸ್ತಾ ಇರಿ.’

ತಿಂಗಳ ಕೊನೆಗೆ ಕುರ್ಚಿಯನ್ನು ಹೊತ್ತವರಲ್ಲಿ ನಾನೂ ಒಬ್ಬ. ಸೊಂಟ ಇನ್ನೂ ನೋಯುತ್ತಿದೆ. ಡಾಕ್ಟರಮ್ಮ ಕೊನೆಗೆ ಒಳಗೆ ಹೋಗಿ, ಹಸಿರು ಗೋಡೆಗೆ ಅಂಗೈ ಒತ್ತಿ ನಿಂತು, ಸದ್ದಿಲ್ಲದೆ ಅತ್ತು, ಮೂಗೊರೆಸಿಕೊಂಡು ಅದೇ ಧಾವಂತದಲ್ಲಿ ಹೊರಬಂದರು. ಹೊಸ ಜಾಗ ಸೈಕಲ್ ಅಂಗಡಿಯ ಮೇಲಿನ ಇಕ್ಕಟ್ಟಾದ ಕೋಣೆ. ಯಜಮಾನರು ಹಲ್ಲಿಗೆ ಕ್ಯಾಪು ಹಾಕಿಸಲು ಅಲ್ಲಿಗೇ ಏದುಸಿರು ಬಿಡುತ್ತ ಹತ್ತಿ ಬಂದರು. ಇವತ್ತಿಗೂ ಬರುತ್ತಾರೆ, ಹೊಸ್ತಿಲಲ್ಲಿ ಇವತ್ತಿಗೂ ‘ಬೇಡ’ ಎನ್ನುತ್ತಾರೆ. ನಾನೂ ಅದನ್ನೇ ಹೇಳುತ್ತೇನೆ.

ನಂಬಿಕೆಯನ್ನು ಅಂಜಿಕೆಯಿಂದ ಜೇಬಿನೊಳಗೆ ಬಚ್ಚಿಟ್ಟುಕೊಂಡವರನ್ನು ಕಂಡಿದ್ದೇನೆ; ಅಸಹಾಯಕರು ಸಿಕ್ಕಿದರೆಂದು ಅವರ ಮೇಲೆ ಅದನ್ನು ಸುರಿದವರನ್ನೂ ಕಂಡಿದ್ದೇನೆ. ಇಬ್ಬರಿಗೂ ಎದುರಿನವನ ‘ಬೇಡ’ ಎಂದರೆ ಭಯ. ಆ ಭಯವಿಲ್ಲದವರು ವಿರಳ. ಅವರು ತಮ್ಮ ಸತ್ಯವನ್ನು ನಿಮ್ಮ ಮುಖಕ್ಕೇ ಹೇಳಿ, ನಿಮ್ಮ ನಿರಾಕರಣೆಯನ್ನೂ ಅಷ್ಟೇ ಗೌರವದಿಂದ ಕೈಯೊಡ್ಡಿ ಸ್ವೀಕರಿಸಿ, ಮರುದಿನ ಮತ್ತೆ ಹೇಳಲು ಹಿಂಜರಿಯದವರು. ನಾನು ಅವರಂತೆ ನಂಬಿದವನಲ್ಲ, ನಂಬುವ ಲಕ್ಷಣವೂ ಕಾಣುತ್ತಿಲ್ಲ. ಆದರೆ ಅಂಥವರ ಬಾಯಿ ಮುಚ್ಚಿಸಬೇಕೆಂದು ಮೆಟ್ಟಿಲು ಹತ್ತುವವರು, ಅವರು ಯಾರೇ ಆಗಿರಲಿ, ಮೊದಲು ನನ್ನಂಥ ನಾಸ್ತಿಕನನ್ನು ದಾಟಿ ಹೋಗಬೇಕಾಗುತ್ತದೆ.